ಮನೆಯಲ್ಲೇ ರಾಗಿ ಇರುವಾಗ ಡಬ್ಬದ ಪುಡಿ ಯಾಕೆ?

ಹೊಸೂರು: ಬೆಳಗ್ಗೆ ಬರೀ ಟೀ ಕುಡಿದು ಮೈದಾನಕ್ಕೆ ಬರುವ ಮಕ್ಕಳು ನಾಲ್ಕು ಸುತ್ತು ಓಡುವಷ್ಟರಲ್ಲಿ ಸುಸ್ತಾಗಿ ಕೂರುತ್ತಾರೆ. ಆಮೇಲೆ 'ಪ್ರೋಟೀನ್ ಪುಡಿ ಕೊಡ್ಸಪ್ಪ' ಎಂಬ ಬೇಡಿಕೆ. ಕೂಲಿ ಮಾಡುವ ಸಂಸಾರಕ್ಕೆ ಅದರ ಬೆಲೆ ಎಟುಕದು.

ಡೆಂಕಣಿಕೋಟೆ, ತಳಿ ಕಡೆಯ ಹೊಲಗಳಲ್ಲಿ ಬೆಳೆಯುವ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಸುಮಾರು 10 ಮಾತ್ರ. ಅಷ್ಟೇ ತೂಕದ ಹುರುಳಿಯಲ್ಲಿ 20 ಗ್ರಾಂಗೂ ಮೇಲೆ ಪ್ರೋಟೀನ್.

ಓಟಕ್ಕೆ ಗಂಟೆ ಮೊದಲು ರಾಗಿ ಗಂಜಿ ಇಲ್ಲವೇ ಬಾಳೆಹಣ್ಣು, ಓಡಿ ಬಂದ ಮೇಲೆ ಮುದ್ದೆ, ಹುರುಳಿ ಸಾರು, ಸೊಪ್ಪು, ಮೊಟ್ಟೆ ಕೊಟ್ಟರೆ ಬೆಳೆಯುವ ಮೈಗೆ ಬಲ. ಮುಟ್ಟಾಗುವ ಹೆಣ್ಣುಮಕ್ಕಳಿಗೆ ಕಬ್ಬಿಣದಂಶ ಹೆಚ್ಚು ಬೇಕು. ಊಟದ ಜತೆ ಟೀ ಕುಡಿದರೆ ಅದು ಮೈಗೆ ಹತ್ತುವುದು ಕಡಿಮೆ; ನಿಂಬೆರಸ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಇಷ್ಟಾದರೂ ಸುಸ್ತು ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸುವುದು ಮೇಲು.