ಹೊಂಡದ ಮೀನು ಸಾಯ್ತಿದೆಯಾ? ಔಷಧಿಗೂ ಮೊದಲು ಹೊತ್ತು ನೋಡಿ

ಕೃಷಿ ಹೊಂಡದಲ್ಲಿ ಮೀನು ಬಿಟ್ಟವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಥರದ ಫೋಟೋ ಮತ್ತೆ ಮತ್ತೆ ಬರುತ್ತೆ: ಹೊಟ್ಟೆ ಮೇಲಾಗಿ ತೇಲುವ ನಾಲ್ಕೈದು ಕಾಟ್ಲಾ, ಕೆಳಗೆ "ಯಾವ ಔಷಧಿ ಹಾಕ್ಲಿ?" ಅನ್ನೋ ಪ್ರಶ್ನೆ. ಹತ್ತು ನಿಮಿಷದಲ್ಲಿ ಹತ್ತು ಔಷಧಿ ಹೆಸರೂ ಬಂದಿರುತ್ತೆ. ಆದರೆ ಸತ್ತು ಉಬ್ಬಿದ ಮೀನಿನ ಫೋಟೋ ನೋಡಿ ರೋಗ ಹೇಳೋದು ಕಷ್ಟ. ಬದುಕಿರುವ ಮೀನು ಎಷ್ಟು ಹೊತ್ತಿಗೆ, ಹೊಂಡದ ಯಾವ ಭಾಗದಲ್ಲಿ, ಏನು ಮಾಡ್ತಿದೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ.

ಮೊದಲ ಪರೀಕ್ಷೆ ಬೆಳಗಿನ ಜಾವದ್ದು. ಸೂರ್ಯ ಹುಟ್ಟುವ ಮೊದಲೇ ಹೊಂಡದ ಹತ್ತಿರ ಹೋಗಿ ಒಂದು ನಿಮಿಷದ ವಿಡಿಯೋ ಮಾಡಿಕೊಳ್ಳಿ. ಎಲ್ಲಾ ಜಾತಿಯ ಮೀನೂ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡ್ತಿದ್ದು, ಬಿಸಿಲೇರಿದ ಮೇಲೆ ಕೆಳಗೆ ಹೋದರೆ ಅದು ಹೆಚ್ಚಾಗಿ ರೋಗವಲ್ಲ, ಉಸಿರುಕಟ್ಟು. ಹಗಲಲ್ಲಿ ನೀರಿನ ಪಾಚಿ ಆಮ್ಲಜನಕ ಕೊಡುತ್ತೆ. ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಗೆ ನಿಂತು ಆಮ್ಲಜನಕ ಬಳಸುತ್ತೆ. ಹಾಗಾಗಿ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆ. ಎರಡು ಮೂರು ದಿನ ಮೋಡ ಮುಚ್ಚಿದ್ದರೆ ಇನ್ನೂ ಕಡಿಮೆ. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಗೆಂಡೆ ಮೀನು ಆರಾಮಾಗಿರುತ್ತೆ. ಅದಕ್ಕಿಂತ ತುಂಬಾ ಇಳಿದರೆ ಒದ್ದಾಟ ಶುರು. ಒಂದೇ ರಾತ್ರಿಯಲ್ಲಿ ದೊಡ್ಡ ದೊಡ್ಡ ಮೀನೇ ಹೆಚ್ಚು ಸತ್ತಿದ್ದರೆ ಅನುಮಾನ ಇದರ ಮೇಲೇ ಇರಲಿ.

ಇದಕ್ಕೆ ಔಷಧಿ ಇಲ್ಲ. ಆಹಾರ, ಸಗಣಿ, ಸ್ಲರಿ ಎಲ್ಲಾ ನಿಲ್ಲಿಸಿ. ಪಂಪ್ ಹಾಕಿ ಹೊಂಡದ ನೀರನ್ನೇ ಮೇಲೆತ್ತಿ, ಪೈಪಿನ ತುದಿಯಿಂದ ಚೆದುರಿ ಬೀಳುವ ಹಾಗೆ ವಾಪಸ್ ಬಿಡಿ. ಬೋರ್‌ವೆಲ್ ನೀರು ಸೇರಿಸುವುದಾದರೆ ನೇರವಾಗಿ ಒಳಗೆ ಬಿಡಬೇಡಿ, ಭೂಮಿಯೊಳಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಎತ್ತರದಿಂದ ಕಲ್ಲಿನ ಮೇಲೆ ಬಿದ್ದು ಹರಿಯಲಿ. "ಸಾವಯವ ತಾನೇ" ಅಂತ ಬುಟ್ಟಿಗಟ್ಟಲೆ ಸಗಣಿ ಸುರಿಯೋರಿದ್ದಾರೆ. ಪ್ಲಾಸ್ಟಿಕ್ ಹಾಸಿದ ಸಣ್ಣ ಹೊಂಡದಲ್ಲಿ ಅದು ಕೊಳೆಯುವಾಗಲೂ ಆಮ್ಲಜನಕವನ್ನೇ ತಿನ್ನುತ್ತೆ.

ಬೆಳಿಗ್ಗೆ ಚೆನ್ನಾಗಿದ್ದ ಮೀನು ಹಗಲಲ್ಲಿ ಎಗರುತ್ತಿದೆ, ಮೈಯನ್ನು ಹಾಳೆಗೆ ಉಜ್ಜುತ್ತಿದೆ ಅಂದ್ರೆ ಬಲೆ ಹಾಕಿ ನಾಲ್ಕು ಮೀನು ಹಿಡಿದು ನೋಡಿ. ರೆಕ್ಕೆಯ ಬುಡದಲ್ಲಿ, ಹುರುಪೆಯ ಮೇಲೆ ಚಪ್ಪಟೆಯಾದ ದುಂಡನೆಯ ಹುಳ ಅಂಟಿದ್ದರೆ ಅದು ಮೀನು ಹೇನು, ಆರ್ಗುಲಸ್. ಬರಿಗಣ್ಣಿಗೇ ಕಾಣುತ್ತೆ. ಕೆಲವೇ ಮೀನಿಗಿದ್ದರೆ ಚಿಮಟದಲ್ಲಿ ತೆಗೆದು, ಹತ್ತು ಲೀಟರ್ ನೀರಿಗೆ ಕಾಲು ಕೆ.ಜಿ. ಕಲ್ಲುಪ್ಪು ಕರಗಿಸಿ ಒಂದೆರಡು ನಿಮಿಷ ಅದ್ದಿ. ಮೀನು ಓರೆಯಾದ ಕೂಡಲೇ ಹೊಂಡಕ್ಕೆ ಬಿಟ್ಟುಬಿಡಿ. ಹೇನು ಮೊಟ್ಟೆ ಇಡೋದು ಗಟ್ಟಿ ವಸ್ತುವಿನ ಮೇಲೆ. ಹೊಂಡದಲ್ಲಿ ನಾಲ್ಕು ಬಿದಿರು ಗಳ ನಿಲ್ಲಿಸಿ, ವಾರಕ್ಕೊಮ್ಮೆ ಎತ್ತಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಪ್ಲಾಸ್ಟಿಕ್ ಹಾಳೆಯ ಮೇಲೂ ಇಡುತ್ತದಾದ್ದರಿಂದ ಪೂರ್ತಿ ಹೋಗಲ್ಲ, ಆದರೆ ಸಂಖ್ಯೆ ತಗ್ಗುತ್ತೆ. ಬೆಳೆಗೆ ಹೊಡೆಯುವ ಕೀಟನಾಶಕ ಸುರಿಯೋದು ಬೇಡ್ವೇ ಬೇಡ. ಅದೇ ನೀರು ತರಕಾರಿಗೆ ಹೋಗುತ್ತೆ, ಅದೇ ಮೀನು ತಟ್ಟೆಗೆ ಬರುತ್ತೆ.

ಇನ್ನು ಚಳಿಗಾಲದ ಹುಣ್ಣು ರೋಗ. ಭಾರತಕ್ಕೆ ಇದು ಬಂದದ್ದು 1988ರಲ್ಲಿ. ಕಾರಣ ಅಫನೋಮೈಸಿಸ್ ಅನ್ನುವ ಶಿಲೀಂಧ್ರದಂಥ ಜೀವಿ. ಮೊದಲು ಮೈಮೇಲೆ ಕೆಂಪು ಚುಕ್ಕೆ, ಆಮೇಲೆ ಆಳದ ಹುಣ್ಣು. ಹೇನು ಕಚ್ಚಿದ ಗಾಯವೂ ಕೆಂಪಾಗಿಯೇ ಕಾಣುತ್ತೆ, ಹಾಗಾಗಿ ಹೇನು ಇಲ್ಲ ಅಂತ ಖಾತ್ರಿ ಮಾಡ್ಕೊಂಡೇ ಮುಂದಿನ ಹೆಜ್ಜೆ ಇಡಿ. ಹುಣ್ಣು ರೋಗಕ್ಕೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಇದೆ. ಪ್ರಮಾಣ: ಒಂದು ಹೆಕ್ಟೇರ್ ವಿಸ್ತಾರ, ಒಂದು ಮೀಟರ್ ಆಳದ ನೀರಿಗೆ 1 ಲೀಟರ್.

ಲೆಕ್ಕ ತಪ್ಪೋದು ಇಲ್ಲೇ. ಈ ಪ್ರಮಾಣ ದೊಡ್ಡ ಕೆರೆಯ ಅಳತೆಯಲ್ಲಿದೆ, ನಮ್ಮದು ಚಿಕ್ಕ ಹೊಂಡ. 12 ಮೀಟರ್ ಉದ್ದ, 12 ಅಗಲ, 3 ಆಳದ ಹೊಂಡ ತಗೊಳ್ಳಿ. ಗುಣಿಸಿದರೆ 432 ಘನ ಮೀಟರ್ ಬರುತ್ತೆ. ಆದರೆ ಬದಿಗಳು ಇಳಿಜಾರು. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ ಬಂದಿದ್ದರೆ ತಳ ಬರೀ 6 x 6. ನೀರು 2 ಮೀಟರ್ ಇದ್ದರೆ ನೀರಿನ ಮೇಲ್ಮೈ 10 x 10, ನಡುವೆ 8 x 8. ಮೇಲಿನ ವಿಸ್ತೀರ್ಣ 100, ತಳದ್ದು 36, ನಡುವಿನದರ ನಾಲ್ಕು ಪಟ್ಟು 256. ಕೂಡಿಸಿ, ನೀರಿನ ಆಳ 2ರಿಂದ ಗುಣಿಸಿ, 6ರಿಂದ ಭಾಗಿಸಿ. ಸುಮಾರು 131 ಘನ ಮೀಟರ್! ಅಂದುಕೊಂಡಿದ್ದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹೆಕ್ಟೇರ್-ಮೀಟರ್ ಅಂದ್ರೆ 10,000 ಘನ ಮೀಟರ್, ಅದಕ್ಕೆ 1 ಲೀಟರ್. ನಿಮ್ಮ ಹೊಂಡಕ್ಕೆ ಬೇಕಾದ್ದು 13 ಮಿಲಿ. ಬಾಟಲಿ ಪೂರ್ತಿ ಸುರಿದರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಸಿರಿಂಜಿನಲ್ಲಿ ಅಳೆದು, ಬಕೆಟ್ ನೀರಲ್ಲಿ ಬೆರೆಸಿ, ಹೊಂಡದ ತುಂಬಾ ಚಿಮುಕಿಸಿ.

ಸುಣ್ಣ ಹಾಕೋರಿಗೂ ಒಂದು ಮಾತು. ನೀರು ದಟ್ಟ ಹಸಿರಾಗಿದ್ದರೆ ಮಧ್ಯಾಹ್ನ ಮೂರರ ಹೊತ್ತಿಗೆ ಪಿಎಚ್ ಪಟ್ಟಿ ಅದ್ದಿ ನೋಡಿ. ಎಂಟೂವರೆ ದಾಟಿದ್ದರೆ ಸುಣ್ಣ ಮುಟ್ಟಬೇಡಿ. ಪಿಎಚ್ ಏರಿದಷ್ಟೂ ನೀರಿನ ಅಮೋನಿಯಾ ವಿಷವಾಗುತ್ತೆ.

ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಥರದ ಆ್ಯಂಟಿಬಯಾಟಿಕ್ ಮೀನು ಸಾಕಣೆಯಲ್ಲಿ ನಿಷೇಧ. ಅಂಗಡಿಯವರು ಏನೇ ಹೇಳಲಿ, ತರಬೇಡಿ. ಇಷ್ಟೆಲ್ಲಾ ನೋಡಿಯೂ ಗೊತ್ತಾಗದಿದ್ದರೆ ಕಿವಿರು ಮುಚ್ಚಳ ಎತ್ತಿ ಹಗಲು ಬೆಳಕಲ್ಲಿ ಫೋಟೋ ತೆಗೀರಿ, ಅಳತೆಗೆ ಪಕ್ಕದಲ್ಲಿ ನಾಣ್ಯ ಇಡಿ. ಕಿವಿರು ಕೆಂಪಗಿದೆಯಾ, ಬಿಳಿಚಿದೆಯಾ, ಕಂದಾಗಿದೆಯಾ ಅನ್ನೋದು ಕಾಣಬೇಕು. ಆ ಫೋಟೋ, ಬೆಳಗಿನ ವಿಡಿಯೋ, ಜೊತೆಗೆ ಹೊಂಡದ ನೀರಲ್ಲೇ ಇಟ್ಟ, ಇನ್ನೂ ಜೀವ ಇರುವ ಒಂದೆರಡು ಮೀನು ತಗೊಂಡು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ. ಕೊಳೆತ ಮೀನು ಒಯ್ಯಬೇಡಿ, ಅದರಿಂದ ಏನೂ ತಿಳಿಯಲ್ಲ.