ಕಾಳಿ ದಂಡೆಯ ಒಂದೆಕರೆ

ಶನಿವಾರ ಸಂಜೆ ಧಾರವಾಡ ದಾಟಿ ಹಳಿಯಾಳದ ರಸ್ತೆ ಹಿಡಿಯುವ ಕಾರುಗಳು ಬಹುಪಾಲು ದಾಂಡೇಲಿಗೆ, ಇಲ್ಲವೇ ಇನ್ನಷ್ಟು ಮುಂದೆ ಜೋಯಿಡಾ ತಾಲೂಕಿನ ಗಣೇಶಗುಡಿಗೆ ಹೊರಟಂಥವು. ಹೋದವರಲ್ಲಿ ಕೆಲವರು ಭಾನುವಾರ ತಿರುಗಿ ಬರುವಾಗ ಒಂದು ಆಸೆಯನ್ನೂ ಹೊತ್ತು ತರುತ್ತಾರೆ: ‘ಹೊಳಿ ದಂಡಿಗೆ ಒಂದೆಕರೆ ತಗೊಂಡು ನಾಲ್ಕು ಕಾಟೇಜ್ ಹಾಕಿದರ ಹೆಂಗ?’ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಹಾಗಾಗಿ ಆಸೆಗೆ ಈಗ ಗಿರಾಕಿಗಳೂ ಇದ್ದಾರೆ, ದಲ್ಲಾಳಿಗಳೂ ಇದ್ದಾರೆ.

ಕಾಳಿ ಹೊಳೆಯ ಕಣಿವೆಯ ಅಸಲಿ ಚೆಲುವಂತೂ ಮಾರಾಟಕ್ಕಿಲ್ಲ. ಕಾನೇರಿ ಹೊಳೆಯ ಪಕ್ಕ ಸುಮಾರು 300 ಅಡಿ ಎತ್ತರಕ್ಕೆ ನಿಂತ ಸಿಂಥೇರಿ ಬಂಡೆ ಇರುವುದು ಕಾಡಿನೊಳಗೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯದೇ ಹೆಸರು ಬಂತು. ಎಳೆದಾಟವೇನಿದ್ದರೂ ಕಾಡಿನ ನಡುವೆ ತೇಪೆಯಂತೆ ಉಳಿದ ಮಾಲ್ಕಿ, ಅಂದರೆ ಖಾಸಗಿ ಒಡೆತನದ, ಜಮೀನಿನದು.

ಹಾರ್ನ್‌ಬಿಲ್‌ಗಳ ಕಥೆಯನ್ನೇ ನೋಡಿ. ದಾಂಡೇಲಿಯ ಸುತ್ತ ಹೊಳೆಯಂಚಿನ 52.5 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಈ ಹಕ್ಕಿಗಾಗಿಯೇ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಆದರೆ ವನ್ಯಜೀವಿ ಕಾಯ್ದೆಯಲ್ಲಿ ಇಂಥ ಮೀಸಲಿಗೆ ಸೇರುವುದು ಸರ್ಕಾರಿ ಜಾಗ ಮಾತ್ರ. ಹಕ್ಕಿಗೆ ಸರ್ವೆ ನಂಬರು ಗೊತ್ತಿಲ್ಲ. ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು ಅದರ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಒಂದು ಸೀಳಷ್ಟೇ ಬಿಟ್ಟಿರುತ್ತದೆ, ಗಂಡು ಹೊರಗಿನಿಂದ ಅದರೊಳಗೆ ಹಣ್ಣು ತುರುಕುತ್ತದೆ. ಪೊಟರೆಯಿರುವ ಮರ ಯಾರದೋ ಹಿತ್ತಲಲ್ಲಿದ್ದು, ಕಾಟೇಜಿನ ಕಿಟಕಿಗೆ ಹೊಳೆ ಕಾಣಲೆಂದು ಅದನ್ನು ಕಡಿದರೆ ಆ ಸಂಸಾರ ಮುಗಿಯಿತು. ಸ್ವಂತ ಜಾಗದ ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಬಹಳ ಮಂದಿಗೆ ಇದು ನೆನಪಾಗುವುದು ಮರ ಉರುಳಿದ ಮೇಲೆ.

ಅದಕ್ಕೇ ಕೊಳ್ಳುವ ಮೊದಲು ಜಮೀನಿನ ಉತಾರ (ಪಹಣಿ) ಓದಬೇಕು. ಉತ್ತರ ಕನ್ನಡ ಜಿಲ್ಲೆಯ ಅಡಿಕೆ ತೋಟಗಳಿಗೆ ಅಂಟಿದ ‘ಸೊಪ್ಪಿನ ಬೆಟ್ಟ’ ಮಾಲ್ಕಿಯಲ್ಲ, ಸೊಪ್ಪು ತರುವ ಹಕ್ಕಷ್ಟೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಕ್ಕ ಜಮೀನು ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ. ಮಾಲ್ಕಿಯೇ ಆದರೂ ಕಾಟೇಜಿಗೆ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಬೇಕು. ಅದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳ ಕೈಯಲ್ಲಿದೆ.

ಅಭಯಾರಣ್ಯದ ಅಂಚಿನ ಪರಿಸರ ಸೂಕ್ಷ್ಮ ವಲಯಗಳ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಗಡಿಯಿಂದ 1 ಕಿಲೋಮೀಟರ್ ಒಳಗೆ ಹೊಸ ಹೋಟೆಲ್, ರೆಸಾರ್ಟಿಗೆ ಜಾಗವಿರುವುದಿಲ್ಲ; ಸ್ಥಳೀಯರು ತಮ್ಮ ವಾಸಕ್ಕೆ ಮನೆ ಕಟ್ಟಿಕೊಳ್ಳಬಹುದು. ‘ಹೋಂಸ್ಟೇ’ ಬೋರ್ಡು ಹುಟ್ಟುವುದು ಈ ಸಂದಿಯಲ್ಲೇ. ಹೋಂಸ್ಟೇ ಎಂದರೆ ಮನೆಯವರು ಅಲ್ಲೇ ವಾಸವಿದ್ದು ಕೆಲವು ಕೋಣೆ ಕೊಡುವುದು. ಮಾಲೀಕ ಹುಬ್ಬಳ್ಳಿಯಲ್ಲಿ, ಮ್ಯಾನೇಜರ್ ಕಾಡಿನಲ್ಲಿ ಇದ್ದರೆ ಅದು ರೆಸಾರ್ಟೇ.

ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿ ಎಂದರೆ ಎಲ್ಲವೂ ಬಂದ್ ಎಂಬ ಹೆದರಿಕೆ ಊರೂರಲ್ಲಿದೆ. ಆ ವರದಿ ಆಧರಿಸಿದ 2024ರ ಜುಲೈ ಕರಡು ಅಧಿಸೂಚನೆ ತಡೆಯಲು ಹೊರಟದ್ದು ಗಣಿಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರಿಗೆ ಮೀರಿದ ಹೊಸ ಕಟ್ಟಡಗಳಂಥವನ್ನು. ರಾಜ್ಯ ಸಂಪುಟ ಅದನ್ನೂ ಬೇಡವೆಂದಿತು. ನಾಲ್ಕು ಕಾಟೇಜು ಆ ಬಲೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತವೆ. ನನಗೆ ಚಿಂತೆ ಇರುವುದು ಅಂಥ ನಾಲ್ಕು ನಾಲ್ಕೇ ಸೇರಿ ನಾನೂರಾಗುವುದರ ಬಗ್ಗೆ. ಒಂದೊಂದರ ಕಾಗದವೂ ಸರಿಯಿದ್ದೀತು, ಅಷ್ಟೂ ಪಾಯಖಾನೆಗಳ ನೀರು ಸೇರುವ ಹೊಳೆ ಮಾತ್ರ ಒಂದೇ. ಬಂಡೆಯ ಮೇಲೆ ಮಣ್ಣು ತೆಳುವಾದಲ್ಲಿ ಗುಂಡಿಯ ನೀರು ಇಂಗದು, ಪಕ್ಕಕ್ಕೆ ಸರಿದು ದಂಡೆಯಲ್ಲಿ ಒಸರುತ್ತದೆ. ಕೆಳಗೆ ದಾಂಡೇಲಿ ಊರಿದೆ. ಪಂಚಾಯಿತಿಗಳು ಕೋಣೆ ಎಣಿಸುವ ಮೊದಲು ಗುಂಡಿ ಎಲ್ಲಿದೆ, ಹೊಳೆಯಿಂದ ಎಷ್ಟು ದೂರ ಎಂದು ಅಳೆದು ನೋಡಿದರೆ ಅರ್ಧ ಕೆಲಸ ಆದಂತೆ.

ಇನ್ನೊಂದು ಮಾತು. ಗಣೇಶಗುಡಿಯ ಕೆಳಗೆ ಹೊಳೆಯ ಏರಿಳಿತ ಮಳೆಯೊಂದನ್ನೇ ನಂಬಿಲ್ಲ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿದಾಗ ನೀರು ಬರುತ್ತದೆ, ನಿಂತಾಗ ಕಲ್ಲು ಕಾಣುತ್ತವೆ. ರಾಫ್ಟಿಂಗ್ ಹುಡುಗರು ಕಾಯುವುದೂ ಆ ನೀರಿಗೇ. ಜಾಗ ನೋಡಲು ಹೋದವರು ದಲ್ಲಾಳಿ ತೋರಿಸಿದ ಹೊತ್ತಿಗಷ್ಟೇ ನೋಡಿ ಬರಬಾರದು. ಯಂತ್ರ ನಿಂತಾಗ ಒಮ್ಮೆ, ತಿರುಗುವಾಗ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ ಹೋಗಿ, ನೀರು ಎಲ್ಲಿಯವರೆಗೆ ಏರುತ್ತದೆಂದು ಅಲ್ಲಿನ ಕುಣಬಿ ಸಮುದಾಯದ ಮನೆಯವರನ್ನು ಕೇಳಬೇಕು.