ಉಪಗ್ರಹದ ಮೈಮೇಲೆ ಮಿಂಚು

ಚಳಿಗಾಲದ ಒಣಹವೆಯಲ್ಲಿ, ವಿಜಯಪುರದಲ್ಲಾಗಲಿ ತಿಕೋಟಾ, ಬಬಲೇಶ್ವರಗಳಲ್ಲಾಗಲಿ, ರಾತ್ರಿ ಪಾಲಿಯೆಸ್ಟರ್ ಅಂಗಿಯನ್ನು ಕಳಚುವಾಗ ಚಟಚಟನೆ ಸದ್ದಾಗುವುದನ್ನೂ ಕತ್ತಲಲ್ಲಿ ಸಣ್ಣ ಕಿಡಿಗಳು ಹಾರುವುದನ್ನೂ ವಿದ್ಯಾರ್ಥಿಗಳು ಗಮನಿಸಿರಬಹುದು. ಆ ಬಟ್ಟೆ ಅವಾಹಕ. ಉಜ್ಜಿದಾಗ ಅದರ ಮೇಲೆ ಸೇರಿದ ವಿದ್ಯುದಂಶವು ಹರಿದುಹೋಗಲಾರದೆ ನಿಂತಲ್ಲೇ ನಿಂತು, ಮಿತಿಮೀರಿದಾಗ ಗಾಳಿಯನ್ನು ಭೇದಿಸಿ ಹಾರುತ್ತದೆ. ಇಂಥದೇ ಕಿಡಿ 36,000 ಕಿಲೋಮೀಟರ್ ಎತ್ತರದಲ್ಲಿ ಹಾರಿದರೆ ಅದು ಉಪಗ್ರಹವೊಂದರ ಅಳಿವು-ಉಳಿವಿನ ಪ್ರಶ್ನೆಯಾಗುತ್ತದೆ.

ಈ ಜಿಲ್ಲೆಗೂ ಅಂಥದೊಂದು ಉಪಗ್ರಹಕ್ಕೂ ಹಳೆಯ ನಂಟುಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ, ಆಗ ಬಿಜಾಪುರವೆನಿಸಿದ್ದ ಜಿಲ್ಲೆಯ ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ತಲಪಿಸಿದುದು ಅಮೆರಿಕದ ಎಟಿಎಸ್-6. ಅದೇ ಉಪಗ್ರಹವು ಒಮ್ಮೆ ಭೂಮಿಯ ನೆರಳಿನಲ್ಲಿದ್ದಾಗ ಅದರ ಒಡಲು ಸುಮಾರು 19,000 ವೋಲ್ಟ್ ಋಣವಿಭವಕ್ಕೆ ಇಳಿದುದನ್ನು ಅದರಲ್ಲಿದ್ದ ಉಪಕರಣಗಳೇ ದಾಖಲಿಸಿದುವು.

ಅಲ್ಲಿ ಉಜ್ಜುವವರಾರು? ಸೂರ್ಯನಿಂದ ಹೊರಟ ಕಣಪ್ರವಾಹವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಸಾವಿರಾರು ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಎಲೆಕ್ಟ್ರಾನುಗಳು ಉಪಗ್ರಹಕ್ಕೆ ಬಡಿಯುತ್ತವೆ. ಹಗುರವಾದ ಇವು ಧನ ಅಯಾನುಗಳಿಗಿಂತ ವೇಗವಾಗಿ ಚಲಿಸಿ ಹೆಚ್ಚಾಗಿ ಬಂದು ಸೇರುವುದರಿಂದ ಮೈ ಋಣವಾಗುತ್ತದೆ. ಬಿಸಿಲು ಬಿದ್ದ ಭಾಗದಿಂದ ಬೆಳಕೇ ಎಲೆಕ್ಟ್ರಾನುಗಳನ್ನು ಹೊರದೂಡುತ್ತದೆ; ನೆರಳಿನ ಭಾಗಕ್ಕೆ ಆ ಅನುಕೂಲವಿಲ್ಲ.

ಮೈಯೆಲ್ಲ ಲೋಹವಾಗಿದ್ದರೆ ವಿದ್ಯುದಂಶವು ಹಂಚಿಹೋಗಿ ಎಲ್ಲೆಡೆ ವಿಭವವು ಒಂದೇ ಆಗಿರುತ್ತಿತ್ತು. ಆದರೆ ಶಾಖವನ್ನು ತಡೆಯಲು ಹೊದಿಸುವ ಕಾಪ್ಟನ್, ಟೆಫ್ಲಾನ್ ಹಾಳೆಗಳೂ ಸೌರಕೋಶಗಳ ಮೇಲಿನ ಗಾಜೂ ಅವಾಹಕಗಳು. ಆದುದರಿಂದ ಅಕ್ಕಪಕ್ಕದ ಭಾಗಗಳ ನಡುವೆ ವಿಭವಾಂತರ ಬೆಳೆದು, ಹಾಳೆಯ ಮೇಲ್ಮೈಗುಂಟ ಅಥವಾ ಅದನ್ನು ಸೀಳಿಕೊಂಡು ಕಿಡಿ ಹಾರುತ್ತದೆ. ಆಗ ತಂತಿಗಳಲ್ಲಿ ಹುಟ್ಟುವ ಮಿಡಿತವನ್ನು ಯಂತ್ರವು ಭೂಮಿಯಿಂದ ಬಂದ ಆಜ್ಞೆಯೆಂದೇ ಬಗೆಯಬಹುದು. ಸೂಕ್ಷ್ಮ ಮಂಡಲಗಳು ಕೆಟ್ಟೂಹೋಗಬಹುದು. ಇನ್ನೂ ಪ್ರಬಲವಾದ ಎಲೆಕ್ಟ್ರಾನುಗಳು ಒಳಹೊಕ್ಕು ಒಳಗಿನ ಅವಾಹಕಗಳಲ್ಲೇ ಶೇಖರವಾಗುತ್ತವೆ. 1994ರ ಜನವರಿಯಲ್ಲಿ ಕೆನಡದ ಅನಿಕ್ ಇ-1, ಇ-2 ಉಪಗ್ರಹಗಳು ಹತೋಟಿ ತಪ್ಪಿದುದಕ್ಕೆ ಇದೇ ಕಾರಣವೆಂದು ವಿಜ್ಞಾನಿಗಳು ತಿಳಿದರು. ಮೊದಲನೆಯದು ಕೆಲವು ಗಂಟೆಗಳಲ್ಲಿ ಸರಿಹೋಯಿತು. ಎರಡನೆಯದಕ್ಕೆ ತಿಂಗಳುಗಳೇ ಹಿಡಿದುವು.

ಇದಕ್ಕೆ ಪರಿಹಾರವೇನು? ಮನೆಯ ವಿದ್ಯುತ್ ಉಪಕರಣಗಳ ರಕ್ಷಣೆಗೆ ನೆಲದಲ್ಲಿ ತಂತಿ ಹೂಳುತ್ತೇವೆ. ಉಪಗ್ರಹಕ್ಕೆ ನೆಲವೆಲ್ಲಿಯದು? ಅದರ ಚೌಕಟ್ಟೇ ಅದಕ್ಕೆ ನೆಲ. ಬಿಡಿ ಲೋಹಭಾಗಗಳನ್ನೆಲ್ಲ ಅದಕ್ಕೆ ಜೋಡಿಸುತ್ತಾರೆ. ಹಾಳೆಗೆ ಇಂಗಾಲ ಬೆರೆಸಿ, ಗಾಜಿಗೆ ಇಂಡಿಯಂ-ತವರ ಆಕ್ಸೈಡಿನ ಪಾರದರ್ಶಕ ಲೇಪ ಕೊಟ್ಟು, ವಿದ್ಯುದಂಶವು ಒಂದೆಡೆ ಮಡುಗಟ್ಟದೆ ಚೌಕಟ್ಟಿಗೆ ಹರಿದುಹೋಗುವಂತೆ ಮಾಡುತ್ತಾರೆ.

ಹಾಸನದ ಮುಖ್ಯ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಇನ್ಸಾಟ್, ಜಿಸಾಟ್ ಉಪಗ್ರಹಗಳಿರುವುದೂ ಇಷ್ಟೇ ಎತ್ತರದಲ್ಲಿ. ಎಲೆಕ್ಟ್ರಾನುಗಳ ಮಳೆಯನ್ನು ಅಲ್ಲಿ ಯಾರೂ ನಿಲ್ಲಿಸಲಾರರು. ಬಿದ್ದುದು ಹರಿದುಹೋಗಲು ದಾರಿಯಿದ್ದರೆ ಮಾತ್ರ ಹಳ್ಳಿಯ ಮನೆಯಲ್ಲಿ ದೂರದರ್ಶನದ ಚಿತ್ರ ಅಳಿಯದೆ ಉಳಿಯುತ್ತದೆ.